ಕೇಳುಗರ ಕಟ್ಟೆ: ಮಳೆ ಹಿಡಿಯುವ ಮೊದಲು ಸರಣಿ ಇಳಿಸಿಕೊಳ್ಳಿ

ಪ್ರಶ್ನೆ: ತೋಳಮಾನವರ ಪ್ರೇಮಕಥೆಯ ಇಂಗ್ಲಿಷ್ ಸರಣಿಯೊಂದನ್ನು ಆಡಿಯೋ ಬುಕ್‌ನಲ್ಲಿ ಕೇಳುತ್ತಿದ್ದೇನೆ. ಮೂರನೇ ಪುಸ್ತಕ ಹಾಕಿದರೆ, ಎರಡನೆಯದರಲ್ಲಿ ಮುಖ ತಿರುಗಿಸಿಕೊಂಡಿದ್ದ ಜೋಡಿ ಆಗಲೇ ಮದುವೆಯಾಗಿದೆ! ನಡುವೆ ಏನೋ ಬಿಟ್ಟುಹೋಗಿದೆಯೇ? – ಸೋಮವಾರಪೇಟೆಯ ಓದುಗರು

ಉತ್ತರ: ಬಹುಮಟ್ಟಿಗೆ ನಿಮಗೆ ಬಿಟ್ಟುಹೋಗಿರುವುದು ‘ಎರಡೂವರೆ’ನೇ ಪುಸ್ತಕ. ಇಂಥ ಅಲೌಕಿಕ ಪಾತ್ರಗಳ ಪ್ರೇಮಕಥೆಯ, ಅಂದರೆ ಪ್ಯಾರಾನಾರ್ಮಲ್ ರೊಮ್ಯಾನ್ಸ್ ಸರಣಿಗಳಲ್ಲಿ ದೊಡ್ಡ ಕಾದಂಬರಿಗಳ ಮಧ್ಯೆ 1.5, 2.5 ಎಂದು ಗುರುತು ಹಾಕಿದ ಕಿರುಕಾದಂಬರಿಗಳಿರುತ್ತವೆ. ಎರಡು-ಮೂರು ಗಂಟೆಯವು. ಪಕ್ಕದ ಪಾತ್ರಗಳ ಪ್ರೇಮ ಎಷ್ಟೋ ಸಲ ಅಲ್ಲೇ ಮುಗಿಯುತ್ತದೆ. ಕೆಲವು ಮೊದಲು ಹಲವು ಲೇಖಕರ ಸಂಕಲನದಲ್ಲಿ ಬಂದಿರುತ್ತವೆ, ಹಾಗಾಗಿ ಆ್ಯಪ್‌ನ ಸರಣಿಪಟ್ಟಿಯಲ್ಲಿ ಕಾಣುವುದೇ ಇಲ್ಲ.

ಆ ಪಟ್ಟಿಯನ್ನು ನಂಬಿ ಹಣ ಹಾಕಬೇಡಿ. ಸಾಮಾನ್ಯವಾಗಿ ಲೇಖಕರ ವೆಬ್‌ಸೈಟಿನಲ್ಲಿ ಓದುವ ಕ್ರಮ ಇರುತ್ತದೆ. ಅದನ್ನು ಒಂದು ಹಾಳೆಗೆ ಇಳಿಸಿಕೊಂಡು ಪ್ರತಿ ಹೆಸರಿನ ಎದುರು ಮೂರು ವಿಷಯ ಬರೆಯಿರಿ: ಭಾರತದಲ್ಲಿ ಆಡಿಯೋ ಸಿಗುತ್ತದೆಯೇ, ಓದಿದವರು ಯಾರು, ಒಟ್ಟು ಎಷ್ಟು ಗಂಟೆ. ಆಡಿಯೋ ಹಕ್ಕನ್ನು ದೇಶವಾರು ಬೇರೆಬೇರೆಯಾಗಿ ಮಾರುತ್ತಾರೆ. ಆದ್ದರಿಂದ 1, 2, 4 ಇದ್ದು 3 ಮಾತ್ರ ಇಲ್ಲದಿರುವುದೂ ಉಂಟು. ಅಂಥಲ್ಲಿ ಮೂರನೆಯದನ್ನು ಇ-ಪುಸ್ತಕವಾಗಿ ಓದಿಕೊಂಡೇ ಮುಂದೆ ಹೋಗಿ. ಪ್ರತಿ ಪುಸ್ತಕಕ್ಕೂ ಹೊಸ ಜೋಡಿ ಇರುವ ಸರಣಿಯಾದರೆ ಒಂದು ತಪ್ಪಿದರೂ ಸುಧಾರಿಸಿಕೊಳ್ಳಬಹುದು. ಒಂದೇ ಜೋಡಿಯ ಕಥೆ ಎಳೆದುಕೊಂಡು ಹೋಗುವ ಸರಣಿಯಲ್ಲಿ ಆಗದು.

ಇನ್ನೊಂದು ಮಾತು. ಕಥೆಯ ಕಾಲಕ್ರಮ ಬೇಡ, ಪ್ರಕಟವಾದ ಕ್ರಮವೇ ಸರಿ. ‘ಹಿಂದಿನ ಕಥೆ’ ಎಂದು ಆಮೇಲೆ ಬರೆದ ಪುಸ್ತಕವನ್ನು ಮೊದಲೇ ಕೇಳಿದರೆ ನಾಯಕನ ಗುಟ್ಟು ಅಲ್ಲೇ ಒಡೆದುಹೋಗುತ್ತದೆ.

ಗಂಟೆಯ ಲೆಕ್ಕ ಬರೆಯಲು ಹೇಳಿದ್ದಕ್ಕೂ ಕಾರಣವಿದೆ. ಇಂಗ್ಲಿಷ್ ಆಡಿಯೋ ಬುಕ್‌ಗೆ ದನಿ ಕೊಡುವ ಓದುಗಾರರು ಗಂಟೆಗೆ ಸುಮಾರು 9,000 ಪದ ಓದುತ್ತಾರೆ. ಒಂದು ಲಕ್ಷ ಪದದ ಕಾದಂಬರಿಗೆ 11 ಗಂಟೆ ಹಿಡಿಯಬೇಕು. ಐದೇ ಗಂಟೆ ಎಂದಿದ್ದರೆ ಅದು ಸಂಕ್ಷಿಪ್ತ ರೂಪ, ಇಲ್ಲವೇ ಹಿನ್ನೆಲೆ ಸಂಗೀತ, ಹಲವು ಕಲಾವಿದರು ಸೇರಿ ಮಾಡಿದ ನಾಟಕೀಯ ಆವೃತ್ತಿಯ ಮೊದಲ ಭಾಗ. ಎರಡನೇ ಭಾಗಕ್ಕೆ ಮತ್ತೆ ದುಡ್ಡು.

ಪ್ರಶ್ನೆ: ನಮ್ಮದು ಭಾಗಮಂಡಲದ ಕಡೆ. ಜೂನ್ ಬಂತೆಂದರೆ ಕರೆಂಟು, ನೆಟ್‌ವರ್ಕ್ ಎರಡೂ ಇಲ್ಲ. ಡೌನ್‌ಲೋಡ್ ಮಾಡಿಟ್ಟ ಪುಸ್ತಕವೂ ಕಳೆದ ವರ್ಷ ಅರ್ಧಕ್ಕೆ ನಿಂತುಹೋಯಿತು.

ಉತ್ತರ: ಪೇಟೆಗೆ ಹೋದಾಗ ವೈಫೈ ಇರುವಲ್ಲಿ ಎಲ್ಲವನ್ನೂ ಇಳಿಸಿಕೊಳ್ಳಿ. ಜಾಗದ ಲೆಕ್ಕ ಸುಲಭ: 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಗುಣಮಟ್ಟದಲ್ಲಿ ಒಂದು ಗಂಟೆಗೆ ಸುಮಾರು 29 ಎಂಬಿ. 12 ಗಂಟೆಯ ಪುಸ್ತಕ 350 ಎಂಬಿ, ಅಂಥ ಆರು ಪುಸ್ತಕ ಸೇರಿ 2 ಜಿಬಿ ಚಿಲ್ಲರೆ. ಗುಣಮಟ್ಟ 128ಕ್ಕೆ ಏರಿಸಿದರೆ ಜಾಗವೂ ಇಮ್ಮಡಿ. ಒಬ್ಬರೇ ಓದಿದ ಪುಸ್ತಕಕ್ಕೆ 64 ಧಾರಾಳ.

ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಉದ್ದದ ಪುಸ್ತಕವನ್ನು ಕೆಲವು ಆ್ಯಪ್‌ಗಳು ತುಂಡು ಮಾಡಿ ಇಳಿಸುತ್ತವೆ. ಮೊದಲ ತುಂಡು ಬಂದ ಕೂಡಲೇ ಪ್ಲೇ ಆಗುವುದರಿಂದ ಪೂರ್ತಿ ಬಂದಿದೆ ಅಂದುಕೊಳ್ಳುತ್ತೇವೆ. ಪೇಟೆಯಲ್ಲಿರುವಾಗಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ನಡುವಿನ ಒಂದು ಅಧ್ಯಾಯ, ಕೊನೆಯ ಅಧ್ಯಾಯ ಎರಡನ್ನೂ ಒತ್ತಿ ನೋಡಿ. ಎರಡೂ ಮಾತಾಡಿದರೆ ಮನೆಗೆ ಹೊರಡಿ. ಇನ್ನೊಂದು ಕಾರಣ ಚಂದಾ. ತಿಂಗಳ ಚಂದಾದಲ್ಲಿ ಸಿಗುವ ಪುಸ್ತಕ ನಿಮ್ಮದಲ್ಲ. ಚಂದಾ ಮುಗಿದರೆ ಫೋನಿನಲ್ಲಿದ್ದರೂ ಬಾಯಿ ಬಿಡುವುದಿಲ್ಲ. ಮಳೆಗಾಲಕ್ಕೆಂದು ಇಡುವ ಸರಣಿಯನ್ನು ಕೊಂಡುಕೊಳ್ಳುವುದೇ ಲೇಸು. ನಡುವೆ ಲಾಗ್ಔಟ್ ಮಾತ್ರ ಮಾಡಬೇಡಿ, ಇಳಿಸಿದ್ದೆಲ್ಲ ಅಳಿಸಿಹೋಗಬಹುದು.

ಐದು-ಹತ್ತು ನಿಮಿಷಕ್ಕೊಮ್ಮೆ ತಾನಾಗಿ ನಿಲ್ಲುತ್ತಿದ್ದರೆ ಅದು ಬೇರೆಯೇ ತೊಂದರೆ: ಫೋನಿನ ಬ್ಯಾಟರಿ ಉಳಿತಾಯ ವ್ಯವಸ್ಥೆ ಆ್ಯಪನ್ನು ಮುಚ್ಚುತ್ತಿದೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಬ್ಯಾಟರಿ ಆಯ್ಕೆಯನ್ನು ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ. ಪರದೆ ಆರಿಸಿ ಕೇಳಿದರೆ ಚಾರ್ಜ್ ಹೆಚ್ಚು ಹೋಗುವುದಿಲ್ಲ. ನೆಟ್‌ವರ್ಕ್ ಹುಡುಕಾಟವೇ ಬ್ಯಾಟರಿ ತಿನ್ನುವುದು, ಏರೋಪ್ಲೇನ್ ಮೋಡ್ ಅದಕ್ಕೂ ಮದ್ದು.

ಪ್ರಶ್ನೆ: ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಕೇಳಿದರೆ ಪಾತ್ರಗಳ ಹೆಸರೇ ಹಿಡಿಯಲಾಗುವುದಿಲ್ಲ. – ವಿರಾಜಪೇಟೆ

ಉತ್ತರ: ಈ ಕಥೆಗಳಲ್ಲಿ ಐರಿಷ್, ಸ್ಕಾಟಿಷ್ ಹೆಸರುಗಳು ಜಾಸ್ತಿ, ಬರೆಯುವುದೊಂದು ಕೇಳುವುದೊಂದು. ಎನ್, ಐ, ಎ, ಎಂ, ಎಚ್ ಎಂದು ಅಕ್ಷರವಿರುವ ಹುಡುಗಿಯ ಹೆಸರನ್ನು ‘ನೀವ್’ ಎನ್ನುತ್ತಾರೆ! ಅದೇ ಪುಸ್ತಕದ ಇ-ಪ್ರತಿಯ ಉಚಿತ ಮಾದರಿಯಲ್ಲಿ ಮೊದಲ ಅಧ್ಯಾಯಗಳು ಸಿಗುತ್ತವೆ. ಅದನ್ನು ಕಣ್ಣೆದುರು ಇಟ್ಟುಕೊಂಡು ಮೊದಲ ಅಧ್ಯಾಯವನ್ನು 0.9 ವೇಗದಲ್ಲಿ ಎರಡು ಸಲ ಕೇಳಿ. ಹೆಸರು, ಯಾವ ಕುಲ, ಯಾರ ಗುಂಪು ಎಂದು ಬರೆದಿಡಿ. ಕಿವಿ ಪಳಗಿದ ಮೇಲೆ 1ಕ್ಕೆ ಬನ್ನಿ. ಪ್ರೇಮದ ಮಾತಿರುವಲ್ಲಿ 1.25 ಬೇಡವೇ ಬೇಡ: ಒಳ್ಳೆಯ ಓದುಗಾರರು ಉಸಿರು ಬಿಡುವ, ಮಾತು ತಡೆಯುವ ಜಾಗಗಳಲ್ಲೇ ಅರ್ಧ ಕಥೆ ಇರುತ್ತದೆ.

ಪ್ರಶ್ನೆ: ರಾತ್ರಿ ಕೇಳುತ್ತಾ ನಿದ್ದೆ ಹೋದರೆ ಕಥೆ ಎಲ್ಲಿಗೋ ಹೋಗಿರುತ್ತದೆ.

ಉತ್ತರ: ಸ್ಲೀಪ್ ಟೈಮರನ್ನು 15 ನಿಮಿಷಕ್ಕಿಟ್ಟು, ಮಲಗುವ ಮುಂಚೆ ಒಂದು ಬುಕ್‌ಮಾರ್ಕ್ ಹಾಕಿ. ಬೆಳಿಗ್ಗೆ ನೆಟ್‌ವರ್ಕ್ ಬಂದಾಗ ‘ಮುಂದಿನ ಜಾಗಕ್ಕೆ ಹೋಗಲೇ?’ ಎಂದು ಆ್ಯಪ್ ಕೇಳಿದರೆ ಬೇಡ ಎನ್ನಿ.

ಪ್ರಶ್ನೆ: ತೋಟದಲ್ಲಿ ಓಡಾಡುವಾಗ ಕೇಳಬಹುದೇ? ಒಂದು ಕಿವಿಗೆ ಮಾತ್ರ ಹಾಕಿಕೊಳ್ಳುತ್ತೇನೆ. – ಸಿದ್ದಾಪುರ

ಉತ್ತರ: ಬೇಡ. ನಿಮ್ಮ ಕಡೆ ಆನೆ ತೋಟದೊಳಗೇ ನಿಂತಿರುತ್ತದೆ. ಅದರ ಸುಳಿವು ಕೊಡುವುದು ಕೊಂಬೆ ಮುರಿಯುವ ಸದ್ದು, ಹಲಸು ಬೀಳುವ ಸದ್ದು. ಸದ್ದು ಯಾವ ದಿಕ್ಕಿನದು ಎಂದು ತಿಳಿಯಲು ಎರಡೂ ಕಿವಿ ತೆರೆದಿರಬೇಕು; ಒಂದನ್ನು ಮುಚ್ಚಿದರೆ ಸದ್ದು ಕೇಳಿಯೂ ದಿಕ್ಕು ತಪ್ಪುತ್ತದೆ.

ಮನೆ ಅಂಗಳದ ಕಣದಲ್ಲಿ ಕಾಫಿ ಆರಿಸುತ್ತಾ ಕೂತಾಗ ಒಂದು ಕಿವಿಗೆ ಹಾಕಿಕೊಳ್ಳಿ, ಆದರೆ ಫೋನಿನ ಆಕ್ಸೆಸಿಬಿಲಿಟಿಯಲ್ಲಿ ‘ಮೋನೋ ಆಡಿಯೋ’ ಆನ್ ಮಾಡಿ. ನಾಟಕೀಯ ಆವೃತ್ತಿಗಳಲ್ಲಿ ಒಬ್ಬರ ದನಿ ಎಡಕ್ಕೆ, ಇನ್ನೊಬ್ಬರದು ಬಲಕ್ಕೆ ವಾಲಿರಬಹುದು. ಮೋನೋ ಇಲ್ಲದಿದ್ದರೆ ನಾಯಕಿಯ ಮಾತಷ್ಟೇ ಕೇಳಿ ನಾಯಕನದು ದೂರದಲ್ಲೆಲ್ಲೋ ಗೊಣಗಿದಂತಿರುತ್ತದೆ. ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ವಾಲ್ಯೂಮ್ ಏರಿಸುತ್ತಾ ಹೋಗಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಕಿವಿಯೊಳಗೆ ಬಿಗಿಯಾಗಿ ಕೂರುವ ಸಿಲಿಕಾನ್ ತುದಿಯ, ವೈರ್ ಇರುವ ಇಯರ್‌ಫೋನ್ ತೆಗೆದುಕೊಳ್ಳಿ; ಹೊರಗಿನ ಸದ್ದು ತಗ್ಗುತ್ತದೆ, ಕರೆಂಟಿಲ್ಲದ ದಿನ ಚಾರ್ಜಿನ ಚಿಂತೆಯೂ ಇಲ್ಲ. ಕೇಳಿ ಮುಗಿದ ಮೇಲೆ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳದ ಡಬ್ಬಿಯಲ್ಲಿಡಿ. ಹೊರಗೆ ಬಿಟ್ಟರೆ ನಮ್ಮ ಥಂಡಿಗೆ ಪಿನ್ ಹಸಿರುಗಟ್ಟಿ ಕರಕರ ಅನ್ನತೊಡಗುತ್ತದೆ.