ಚೊಂಬನ್ನೊಮ್ಮೆ ತಿರುಗಿಸಿ ನೋಡಿ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವರದು ಒಂದೇ ಗೋಳು: ಹೊಸದೇನೂ ಹೊಳೆಯುತ್ತಿಲ್ಲ, ದಿನಾ ಸ್ಫೂರ್ತಿ ಎಲ್ಲಿಂದ ತರೋದು? ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಪತ್ರಗಳನ್ನು ಸ್ವಲ್ಪ ಮೊಟಕು ಮಾಡಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಅಕ್ಕಾ, ನಾನು ಗ್ರಾಫಿಕ್ ಡಿಸೈನರ್. ಚೆಂದ ಕಂಡ ಪೋಸ್ಟರು, ಬಣ್ಣ, ಅಕ್ಷರ ಎಲ್ಲವನ್ನೂ ಫೋನಿನಲ್ಲಿ ಸೇವ್ ಮಾಡಿಡ್ತೀನಿ. ರಾಶಿ ಬಿದ್ದಿದೆ. ಆದರೆ ಕೆಲಸಕ್ಕೆ ಕೂತರೆ ತಲೆ ಖಾಲಿ. ಏನು ಮಾಡಲಿ?
– ಓದುಗ, ಬೆಂಗಳೂರು

ಉತ್ತರ: ಸೇವ್ ಮಾಡಿದ್ದನ್ನು ಮತ್ತೆ ತೆಗೆದು ನೋಡಿದ್ದೀರಾ? ಯಾರೂ ನೋಡಲ್ಲ ಬಿಡಿ. ನೋಡಿದರೂ ಅಷ್ಟೇನೂ ಸಿಗಲ್ಲ. ಯಾಕೆಂದರೆ ಫೋನಿನಲ್ಲಿ ಕಾಣೋದು ಮುಗಿದ ಕೆಲಸ. ಅದನ್ನು ಮಾಡಿದವರು ಎಲ್ಲಿ ಒದ್ದಾಡಿದರು, ಆ ಒದ್ದಾಟದಿಂದ ಹೇಗೆ ಹೊರಗೆ ಬಂದರು ಅನ್ನೋದು ಅಲ್ಲಿ ಕಾಣಲ್ಲ. ನಮ್ಮಂಥವರಿಗೆ ಕೆಲಸಕ್ಕೆ ಬರೋದು ಅದೊಂದೇ.

ಒಂದು ಹಳೇ ಕಥೆ ಹೇಳ್ತೀನಿ. ಚಾರ್ಲ್ಸ್ ಮತ್ತು ರೇ ಈಮ್ಸ್ ಅಂತ ಅಮೆರಿಕದ ಡಿಸೈನರ್ ದಂಪತಿ. ಕುರ್ಚಿಗಳಿಗೆ ಹೆಸರಾದವರು. ಭಾರತ ಸರ್ಕಾರ ಅವರನ್ನು ಕರೆಸಿ, ನಮ್ಮಲ್ಲಿ ಡಿಸೈನ್ ಕಲಿಸೋದು ಹೇಗೆ ಅಂತ ಸಲಹೆ ಕೇಳಿತ್ತು. ಅವರು ದೇಶವೆಲ್ಲ ಸುತ್ತಿ 1958ರಲ್ಲಿ ಒಂದು ವರದಿ ಕೊಟ್ಟರು. ಮುಂದೆ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಶುರುವಾಗಿದ್ದು ಅದರಿಂದಲೇ. ಇಲ್ಲಿ ಕಂಡ ವಸ್ತುಗಳಲ್ಲೆಲ್ಲ ಅವರು ಮನಸಾರೆ ಹೊಗಳಿದ್ದು ಯಾವುದನ್ನು ಗೊತ್ತಾ? ಚೊಂಬನ್ನು. ನಮ್ಮ ಬಚ್ಚಲುಮನೆಯ ಚೊಂಬನ್ನು.

ಚೊಂಬನ್ನು ಯಾರೋ ಒಬ್ಬರು ಕೂತು ಡಿಸೈನ್ ಮಾಡಿದ್ದಲ್ಲ, ಎಷ್ಟೋ ತಲೆಮಾರು ಬಳಸುತ್ತಾ ಬಳಸುತ್ತಾ ತಿದ್ದಿದ್ದು ಅಂತ ಅವರ ಲೆಕ್ಕ. ಇವತ್ತು ಹೊಸದಾಗಿ ಮಾಡಬೇಕೆಂದರೆ ಏನೇನು ಕೇಳಿಕೊಳ್ಳಬೇಕಾಗುತ್ತೆ ಅಂತ ಒಂದು ಉದ್ದದ ಪಟ್ಟಿಯನ್ನೇ ಕೊಟ್ಟಿದ್ದಾರೆ. ಎಷ್ಟು ನೀರು ಹಿಡಿಯಬೇಕು, ಹಿಡಿಯುವ ಕೈ ಎಷ್ಟು ದೊಡ್ಡದು, ತಲೆಯ ಮೇಲೆ ಹೊರುತ್ತಾರಾ ಸೊಂಟದ ಮೇಲಾ, ತುಂಬಿದಾಗ ಭಾರ ಎಲ್ಲಿ ಕೂರುತ್ತೆ, ಖಾಲಿ ಆದಾಗ ಎಲ್ಲಿ, ತೊಳೆಯೋಕೆ ಸಲೀಸಾ, ಇನ್ನೊಂದು ಪಾತ್ರೆಗೆ ತಾಗಿದರೆ ಸದ್ದು ಹೇಗಿರುತ್ತೆ, ಬಿಸಿಲು ಬಿದ್ದರೆ ಹೇಗೆ ಕಾಣುತ್ತೆ, ಯಾರಿಗಾದರೂ ಉಡುಗೊರೆ ಕೊಟ್ಟರೆ ಹೇಗನ್ನಿಸುತ್ತೆ, ಹೀಗೆ ಹೋಗುತ್ತಲೇ ಇರುತ್ತೆ.

ನೀವೂ ಇವತ್ತು ಒಂದು ಚೊಂಬು ಕೈಗೆ ತಗೊಳ್ಳಿ. ಹಿತ್ತಾಳೆಯದೋ ತಾಮ್ರದ್ದೋ ಹಳೆಯದಿದ್ದರೆ ಒಳ್ಳೇದು. ಕಂಠ ಯಾಕೆ ಸಣ್ಣ? ತುಂಬಿಸಿಕೊಂಡು ನಡೆದರೆ ನೀರು ತುಳುಕಬಾರದು. ಹಾಗಂತ ತೀರಾ ಸಣ್ಣ ಮಾಡಿದರೆ ಒಳಗೆ ಕೈ ಹೋಗಲ್ಲ, ಹುಣಸೆಹಣ್ಣು ಹಾಕಿ ತಿಕ್ಕೋದು ಹೇಗೆ? ಬಾಯಿಯ ಅಂಚು ಹೊರಗೆ ಬಾಗಿರೋದನ್ನು ನೋಡಿ. ನಾಲ್ಕು ಬೆರಳು ಅದರ ಕೆಳಗೆ ಸಿಕ್ಕಿಕೊಳ್ಳುತ್ತವೆ, ಒದ್ದೆ ಕೈಯಲ್ಲೂ ಜಾರಲ್ಲ. ಬಾವಿಗೆ ಬಿಡುವಾಗ ಹಗ್ಗದ ಕುಣಿಕೆಯೂ ಅದೇ ಕಂಠಕ್ಕೆ ಬೀಳುತ್ತೆ. ಒಂದೇ ಒಂದು ಬಳುಕಿನಲ್ಲಿ ಇಷ್ಟೆಲ್ಲ ತೊಂದರೆ ತೀರಿದೆ. ಅದು ಚೆಂದ ಕಾಣೋದು ಆಮೇಲಿನ ಮಾತು.

ಮುಂದಿನ ಪೋಸ್ಟರ್ ಕೆಲಸ ಬಂದಾಗ ಫೋನ್ ತೆಗೆಯೋ ಮೊದಲು ಇಂಥದೇ ಪ್ರಶ್ನೆ ಬರೆದುಕೊಳ್ಳಿ. ಇದನ್ನು ಯಾರು ನೋಡ್ತಾರೆ? ನಡೆಯುತ್ತಲೋ, ಬಸ್ಸಿನ ಕಿಟಕಿಯಿಂದಲೋ? ಮಳೆಗೆ ಬಣ್ಣ ಇಳಿದರೆ ಏನು ಉಳಿಯುತ್ತೆ? ಹತ್ತು ಪ್ರಶ್ನೆ ಬರೆಯೋಷ್ಟರಲ್ಲಿ ತಲೆ ಖಾಲಿ ಇರಲ್ಲ, ನೋಡ್ತಿರಿ.

ಪ್ರಶ್ನೆ: ಮೇಡಂ, ನಾನು ಡ್ರಾಯಿಂಗ್ ಮೇಷ್ಟ್ರು. ನಿಮ್ಮ ಬೆಂಗಳೂರಿನಲ್ಲಿ ಗ್ಯಾಲರಿ, ಚಿತ್ರಸಂತೆ ಎಲ್ಲ ಇದೆ. ನಮ್ಮೂರಿನಲ್ಲಿ ಮಕ್ಕಳಿಗೆ ಏನು ತೋರಿಸಲಿ?
– ಶಿಕ್ಷಕರು, ದಾವಣಗೆರೆ

ಉತ್ತರ: ಸರ್, ಹರಿಹರ ಪಕ್ಕದಲ್ಲೇ ಇಟ್ಟುಕೊಂಡು ಈ ಮಾತು ಹೇಳ್ತೀರಲ್ಲ! ಹರಿಹರೇಶ್ವರ ದೇವಸ್ಥಾನ ಹೊಯ್ಸಳರ ಕಾಲದ್ದು, 1224ರ ಸುಮಾರಿಗೆ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಮಕ್ಕಳನ್ನು ಕರೆದುಕೊಂಡು ಹೋಗಿ, ಇತಿಹಾಸದ ಪಾಠ ಬೇಡ, ಕಂಬದ ಹತ್ತಿರ ನಿಲ್ಲಿಸಿ. ಕಂಬದ ಸುತ್ತ ಇರುವ ಬಳೆಗಳ ಮೇಲೆ ಬೆರಳಾಡಿಸೋಕೆ ಹೇಳಿ. ಎಲ್ಲೂ ಏರುಪೇರಿಲ್ಲ. ಬರೀ ಉಳಿ ಸುತ್ತಿಗೆಯಲ್ಲಿ ಅಷ್ಟು ಸಮ ಬರಲ್ಲ, ಕಲ್ಲನ್ನೇ ತಿರುಗಿಸಿ ಕಡೆದದ್ದು. ಚನ್ನಪಟ್ಟಣದವರು ಆಲೆ ಮರದ ತುಂಡನ್ನು ಲೇತಿಗೆ ಕೊಟ್ಟು ಬೊಂಬೆ ಕಡೆಯುತ್ತಾರಲ್ಲ, ಅದೇ ಬುದ್ಧಿ, ಕಲ್ಲಿನಲ್ಲಿ. ಹೊಯ್ಸಳರು ಬಳಸುತ್ತಿದ್ದದ್ದು ಬಳಪದ ಕಲ್ಲು, ಅಗೆದ ಹೊಸತರಲ್ಲಿ ಮೆತ್ತಗಿರುತ್ತೆ, ಅದಕ್ಕೇ ಇದೆಲ್ಲ ಸಾಧ್ಯ ಆಯಿತು. ಆಮೇಲೆ ಒಂದು ಚಿತ್ರದ ಕೆಲಸ ಕೊಡಿ. ಹರಿಹರ ಅಂದರೆ ಬಲಗಡೆ ಅರ್ಧ ಶಿವ, ಎಡಗಡೆ ಅರ್ಧ ವಿಷ್ಣು. ಒಂದು ಕಡೆ ಜಟೆ, ಇನ್ನೊಂದು ಕಡೆ ಕಿರೀಟ. ಎರಡೂ ಸೇರುವ ಗೆರೆಯಲ್ಲಿ, ನಟ್ಟ ನಡುವೆ, ನೀವಾಗಿದ್ದರೆ ಏನು ಮಾಡ್ತಿದ್ದಿರಿ ಅಂತ ಕೇಳಿ. ಮಕ್ಕಳು ನಿಮ್ಮನ್ನೇ ಸುಸ್ತು ಮಾಡ್ತಾರೆ.

ಸಂತೇಬೆನ್ನೂರಿನ ಪುಷ್ಕರಣಿಯೂ ನಿಮ್ಮ ಜಿಲ್ಲೆಯದೇ. ನೀರಿನ ನಡುವೆ ಮಂಟಪ, ಸುತ್ತ ಮೆಟ್ಟಿಲು. ಬೆಳಿಗ್ಗೆ ಹೋಗಿ, ನೆರಳು ಚೆನ್ನಾಗಿರುತ್ತೆ.

ಇಷ್ಟು ದೂರ ಬೇಡ ಅಂದರೆ ಶಾಲೆಯ ಎದುರಿನ ಅಂಗಡಿ ಬೋರ್ಡೇ ಸಾಕು. ಕೈಯಲ್ಲಿ ಬರೆದ ಬೋರ್ಡು ಇನ್ನೂ ಉಳಿದಿದ್ದರೆ! ಅದರಲ್ಲಿ 'ಲಕ್ಷ್ಮೀ' ಅಂತ ಇದ್ದರಂತೂ ಇನ್ನೂ ಒಳ್ಳೇದು, ಇಲ್ಲದೆ ಇರುತ್ತಾ. ಕ ಅಕ್ಷರದ ಕೆಳಗೆ ಷ ಒತ್ತು, ಜೊತೆಗೆ ಮ ಒತ್ತು ಬೇರೆ. ಅಷ್ಟನ್ನೂ ಎಲ್ಲಿ ಕೂರಿಸೋದು? ಕೆಳಗಿನ ಸಾಲಿನ ಫೋನ್ ನಂಬರಿಗೆ ತಾಗಬಾರದು, ಅಕ್ಷರ ಸಣ್ಣದೂ ಆಗಬಾರದು. ಪ್ರತಿಯೊಬ್ಬ ಪೇಂಟರ್ ಇದನ್ನು ಒಂದೊಂದು ಥರ ಬಿಡಿಸಿದ್ದಾರೆ. ಒಬ್ಬರು ಒತ್ತನ್ನು ಪಕ್ಕಕ್ಕೆ ತಳ್ಳುತ್ತಾರೆ, ಇನ್ನೊಬ್ಬರು ಬಾಲ ಎಳೆದು ಬಳ್ಳಿ ಮಾಡಿಬಿಡುತ್ತಾರೆ. ಮಕ್ಕಳಿಗೆ ಹತ್ತು 'ಲಕ್ಷ್ಮೀ' ಹುಡುಕಿ ಬರೆದುಕೊಂಡು ಬರೋಕೆ ಹೇಳಿ.

ಪ್ರಶ್ನೆ: ರಿಟೈರ್ ಆಗಿದ್ದೇನೆ. ಚಿತ್ರ ಕಲಿಯುವ ಆಸೆ. ಈ ವಯಸ್ಸಿನಲ್ಲಿ ಕೈ ತಿರುಗುತ್ತದೆಯೇ?
– ಓದುಗರು, ಮೈಸೂರು

ಉತ್ತರ: ರವೀಂದ್ರನಾಥ ಠಾಕೂರರು ಚಿತ್ರಕ್ಕೆ ನಿಜವಾಗಿ ಕೈ ಹಾಕಿದ್ದು ಅರವತ್ತು ದಾಟಿದ ಮೇಲೆ. ಹುಟ್ಟಿದ್ದು 1861, ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನ 1930ರಲ್ಲಿ. ಶುರುವಾಗಿದ್ದು ಹೇಗೆ ಅನ್ನೋದು ಇನ್ನೂ ಚೆಂದ. ಹಸ್ತಪ್ರತಿಯಲ್ಲಿ ಬೇಡ ಅಂತ ಹೊಡೆದುಹಾಕಿದ ಪದಗಳು ಇರುತ್ತವಲ್ಲ, ಆ ಗೀಚುಗಳು ಅವರ ಕಣ್ಣಿಗೆ ಕಿರಿಕಿರಿ ಮಾಡಿದವು. ಒಂದಕ್ಕೊಂದು ಗೆರೆ ಎಳೆದು ಜೋಡಿಸಿದರು. ಹಕ್ಕಿ, ವಿಚಿತ್ರ ಪ್ರಾಣಿ, ಮುಖ, ಏನೇನೋ ಎದ್ದು ಬಂದವು. ನೀವು ಇಂಡಿಯನ್ ಇಂಕ್, ಕ್ಯಾನ್ವಾಸು ಅಂತ ಅಂಗಡಿಗೆ ಓಡಬೇಡಿ. ಹಳೇ ಡೈರಿ ತೆಗೆದು ಅದರ ಗೀಚಿನಿಂದಲೇ ಶುರು ಮಾಡಿ.

ಪ್ರಶ್ನೆ: ಅಕ್ಕಾರ, ನಮ್ಮಜ್ಜಿದು ಹಳೇ ಇಳಕಲ್ ಸೀರಿ ಅದ, ಮ್ಯಾಲ ಕಸೂತಿ. ಕತ್ತರಿಸಿ ಕುರ್ತಾ ಹೊಲಿಸ್ಬೇಕಂತ ಆಸೆ. ಅವ್ವ ಬೈತಾಳ. ನೀವೇನಂತೀರಿ?
– ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಅವ್ವನ ಪರ ನಾನು ಅಂತ ಈಗಲೇ ಹೇಳಿಬಿಡ್ತೀನಿ. ಆದರೂ ಕತ್ತರಿ ಹಿಡಿಯೋ ಮೊದಲು ಒಂದು ಕೆಲಸ ಮಾಡಿ. ಸೀರೆಯ ಒಡಲು ಮುಗಿದು ಕೆಂಪು ಸೆರಗು ಶುರುವಾಗುವ ಜಾಗ ಇದೆಯಲ್ಲ, ಅದನ್ನು ಬೆಳಕಿಗೆ ಹಿಡಿದು ನೋಡಿ. ಸಾಮಾನ್ಯ ಸೀರೆಯಲ್ಲಿ ಹಾಸಿನ ಎಳೆ, ಅಂದರೆ ಉದ್ದಕ್ಕೆ ಹೋಗುವ ನೂಲು, ಈ ತುದಿಯಿಂದ ಆ ತುದಿವರೆಗೂ ಒಂದೇ. ಸಾಂಪ್ರದಾಯಿಕ ಇಳಕಲ್ಲಿನಲ್ಲಿ ಒಡಲಿನ ಹಾಸು ಹತ್ತಿ, ಸೆರಗಿನ ಹಾಸು ರೇಷ್ಮೆ. ಎರಡು ಬೇರೆ ಬೇರೆ ಹಾಸು. ನಡುವೆ ಹೊಲಿಗೆ ಹಾಕಿಲ್ಲ, ಗಂಟೂ ಕಟ್ಟಿಲ್ಲ. ಒಂದೊಂದು ಹತ್ತಿ ಎಳೆಯ ಕೊಂಡಿಯೊಳಗೆ ಒಂದೊಂದು ರೇಷ್ಮೆ ಎಳೆಯ ಕೊಂಡಿ ತೂರಿಸಿ, ಸೀರೆಯ ಅಗಲಕ್ಕೂ ಹೀಗೇ ಹಿಡಿಸಿ ಆಮೇಲೆ ನೇಯೋದು. ಪ್ರತಿ ಸೀರೆಗೂ ಹಾಸು ಬೇರೆಯೇ ಹೂಡಬೇಕು. ದುಬಾರಿ ರೇಷ್ಮೆ ಎಲ್ಲರೂ ನೋಡುವ ಸೆರಗಿನಲ್ಲಿ, ಬಿಸಿಲಿನ ಸೀಮೆಯಲ್ಲಿ ಮೈಗೆ ತಂಪಾದ ಹತ್ತಿ ಒಡಲಿನಲ್ಲಿ. ಎಂಥ ಲೆಕ್ಕಾಚಾರ ಅಲ್ವಾ?

ಆಮೇಲೆ ಕಸೂತಿಯನ್ನು ತಿರುವಿಹಾಕಿ. ಗವಂತಿ, ಮುರಗಿ ಹೊಲಿಗೆ ಇರುವಲ್ಲಿ ಹಿಂದೆಯೂ ಮುಂದಿನಷ್ಟೇ ಚೊಕ್ಕ. ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತಾ ಹೋಗಿ, ವಾಪಸು ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರುತ್ತೆ. ಬಟ್ಟೆಯ ಮೇಲೆ ಪೆನ್ಸಿಲ್ ಗುರುತಿಲ್ಲ, ಎಲ್ಲ ಎಳೆ ಎಣಿಸಿ ಹಾಕಿದ್ದು. ಎಲ್ಲಿ ಶುರು ಮಾಡಿದರೆ ಎಲ್ಲಿಗೆ ವಾಪಸು ಬರುತ್ತೀವಿ ಅನ್ನೋದು ಮೊದಲೇ ತಲೆಯಲ್ಲಿರಬೇಕು. ನೇಗಿ, ಮೆಂತಿ ಹೊಲಿಗೆ ಇರುವ ಕಡೆ ಹಿಂದುಗಡೆ ಬೇರೆ ಥರ ಕಾಣುತ್ತೆ, ಅದನ್ನೂ ನೋಡಿ. ಅಜ್ಜಿ ಇದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ.

ಇಷ್ಟು ನೋಡಿಯೂ ಕತ್ತರಿಸಬೇಕು ಅನ್ನಿಸಿದರೆ, ಹರಿದ ಭಾಗದ ಒಡಲಿನಲ್ಲಿ ಕುರ್ತಾ ಹೊಲಿಸಿಕೊಳ್ಳಿ, ಕೊಂಡಿ ಹಾಕಿದ ಜಾಗ ಮಾತ್ರ ಮುಟ್ಟಬೇಡಿ. ಅವ್ವನಿಗೆ ನನ್ನ ಹೆಸರು ಹೇಳಬೇಡಿ.

ಪ್ರಶ್ನೆ: ಐಡಿಯಾ ಬರೆದಿಡೋಕೆ ಯಾವ ನೋಟ್‌ಬುಕ್ ಒಳ್ಳೇದು?
– ಓದುಗರು, ತುಮಕೂರು

ಉತ್ತರ: ಹಾಳು ಮಾಡೋಕೆ ಹೆದರಿಕೆ ಆಗದಷ್ಟು ಅಗ್ಗದ್ದು.

ಪ್ರಶ್ನೆ: ಲಂಡನ್ನಿನಲ್ಲಿದ್ದೇನೆ. ಇಲ್ಲಿ ದೊಡ್ಡ ದೊಡ್ಡ ಮ್ಯೂಸಿಯಂಗಳಿಗೆ ಟಿಕೆಟ್ಟೇ ಇಲ್ಲ. ಹೋಗ್ತೀನಿ, ಎಲ್ಲ ನೋಡ್ತೀನಿ, ಕಾಲು ನೋವು ಬಿಟ್ಟರೆ ಏನೂ ಉಳಿಯಲ್ಲ.
– ಓದುಗರು, ಲಂಡನ್

ಉತ್ತರ: ಎಲ್ಲ ನೋಡಿದರೆ ಕಾಲು ನೋವೇ ಉಳಿಯೋದು. ಮುಂದಿನ ಸಲ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋದರೆ ಒಂದೇ ಒಂದು ವಸ್ತು ನೋಡಿ ಬನ್ನಿ. ನಮ್ಮ ಬೀದರಿನ ಬಿದ್ರಿ ಕೆಲಸದ ಸಾಮಾನು ಅವರ ಸಂಗ್ರಹದಲ್ಲಿದೆ. ಕಪ್ಪು ಮೈ, ಬೆಳ್ಳಿ ಹೂಬಳ್ಳಿ. ಅದರ ಎದುರು ನಿಂತು ಒಂದು ಪ್ರಶ್ನೆ ಕೇಳಿಕೊಳ್ಳಿ: ಕಪ್ಪು ಮೊದಲೋ, ಬೆಳ್ಳಿ ಮೊದಲೋ?

ಉತ್ತರ ಸ್ವಲ್ಪ ಸುತ್ತುಬಳಸಿನದು. ಪಾತ್ರೆಯ ಎರಕ ಹೆಚ್ಚಿನಂಶ ಸತು, ಸ್ವಲ್ಪ ತಾಮ್ರ. ಬಣ್ಣ ಬಿಳಿಚು. ಬಿಳಿಯ ಮೇಲೆ ಕೊರೆದರೆ ಗೆರೆ ಕಾಣಲ್ಲ. ಅದಕ್ಕೆ ಮೊದಲು ಮೈಲುತುತ್ತದ ನೀರು ಬಳಿದು ತಾತ್ಕಾಲಿಕವಾಗಿ ಕಪ್ಪು ಮಾಡ್ತಾರೆ. ಹೌದು, ನಮ್ಮ ಅಡಿಕೆ ತೋಟದವರು ಸಿಂಪಡಿಸೋ ಬೋರ್ಡೋ ದ್ರಾವಣಕ್ಕೆ ಹಾಕ್ತಾರಲ್ಲ, ಅದೇ ಮೈಲುತುತ್ತ. ಆ ಕಪ್ಪಿನ ಮೇಲೆ ಉಳಿಯಿಂದ ಹೂಬಳ್ಳಿ ಕೊರೆದು, ಆ ಕೊರೆದ ಗೆರೆಯೊಳಗೆ ಬೆಳ್ಳಿ ತಂತಿ ಬಡಿದು ಕೂರಿಸ್ತಾರೆ. ಮತ್ತೆ ಇಡೀ ಪಾತ್ರೆಯನ್ನು ಉಜ್ಜಿ ನುಣುಪು ಮಾಡಿದಾಗ ಕಪ್ಪೆಲ್ಲ ಹೋಗಿ, ಬೆಳ್ಳಿಯೂ ಬಿಳಿ ಸತುವೂ ಬಿಳಿ, ಅಷ್ಟು ದಿನದ ಕೆಲಸ ಹೆಚ್ಚುಕಡಿಮೆ ಕಣ್ಣಿಗೇ ಕಾಣದ ಹಾಗಾಗುತ್ತೆ! ಕೊನೆಗೆ ಬಿಸಿ ಮಾಡಿ, ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಕಲಸಿ ಹಚ್ಚುತ್ತಾರೆ. ಸತು ಕಪ್ಪಾಗುತ್ತೆ, ಬೆಳ್ಳಿಗೆ ಏನೂ ಆಗಲ್ಲ. ಇದನ್ನು ತಿಳಿದುಕೊಂಡು ಆ ಗಾಜಿನ ಪೆಟ್ಟಿಗೆಯ ಮುಂದೆ ಅರ್ಧ ಗಂಟೆ ನಿಲ್ಲಿ, ಆಮೇಲೆ ಕಾಫಿ ಕುಡಿದು ಮನೆಗೆ ಹೋಗಿ. ಮಿಕ್ಕಿದ್ದು ಇನ್ನೊಂದು ದಿನ.

ಪ್ರಶ್ನೆ: ಮಡಕೆಗಳ ಮೇಲೆ ಚಿತ್ತಾರ ಬರೆದು ಆನ್‌ಲೈನಿನಲ್ಲಿ ಮಾರುತ್ತೇನೆ. ಚೆನ್ನಾಗಿ ಹೋಗುತ್ತಿದೆ. 'ಇದು ಕದ್ದ ಕಲೆ' ಅಂತ ಒಬ್ಬರು ಬೈದರು. ತಪ್ಪಾ?
– ಓದುಗರು, ಶಿವಮೊಗ್ಗ

ಉತ್ತರ: ಬರೆಯೋದು ತಪ್ಪಲ್ಲ. ನಕಲು ಮಾಡದೆ ಯಾರೂ ಏನೂ ಕಲಿತಿಲ್ಲ. ಮಾರುವಾಗ ಬಾಯಿ ಮುಚ್ಚಿಕೊಂಡಿದ್ದರೆ ಅದು ತಪ್ಪು. ಚಿತ್ತಾರ ಸಾಗರ, ಸೊರಬದ ಕಡೆಯ ದೀವರ ಸಮುದಾಯದ ಹೆಂಗಸರು ಗೋಡೆಯ ಮೇಲೆ ಬರೆಯುತ್ತಾ ಉಳಿಸಿಕೊಂಡು ಬಂದಿದ್ದು. ಕೆಮ್ಮಣ್ಣು, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆಯ ಹಳದಿ, ಪುಂಡಿ ನಾರಿನ ಕುಂಚ. ನೀವು ಅಕ್ರಿಲಿಕ್ ಬಳಸುತ್ತಿದ್ದರೆ ಅಕ್ರಿಲಿಕ್ ಅಂತಲೇ ಬರೆಯಿರಿ, ಯಾರ ಕಲೆ ಅಂತಲೂ ಬರೆಯಿರಿ. ಇಳಕಲ್ ಸೀರೆ, ಕಸೂತಿ, ಬಿದ್ರಿ, ಚನ್ನಪಟ್ಟಣದ ಬೊಂಬೆ ಇವುಗಳ ಹೆಸರಿಗೆ ಭೌಗೋಳಿಕ ಸೂಚಿಕೆಯ ರಕ್ಷಣೆ ಇದೆ, ಬೇರೆಲ್ಲೋ ಮಾಡಿದ ಸರಕಿಗೆ ಆ ಹೆಸರು ಅಂಟಿಸಿ ಮಾರೋ ಹಾಗಿಲ್ಲ. ಕಾನೂನು ಇರಲಿ ಬಿಡಲಿ, ಕೊಳ್ಳುವವರಿಗೆ ಗೊತ್ತಾಗಬೇಕಲ್ವಾ?

ಇನ್ನೊಂದು ಮಾತು. ಶಿವಮೊಗ್ಗದಿಂದ ಸಾಗರ ಎಷ್ಟು ದೂರ? ಬರೆಯುವವರ ಹತ್ತಿರ ಹೋಗಿ ಕೂತು ಕಲಿಯಿರಿ, ದುಡ್ಡು ಕೊಟ್ಟು ಕಲಿಯಿರಿ. ಗೋಡೆಗೆ ಕೂತ ಗೆರೆಯನ್ನು ಮಡಕೆಯ ಉಬ್ಬಿನ ಮೇಲೆ ತರುವಾಗ ನೆಟ್ಟಗಿನ ಗೆರೆ ಸೊಟ್ಟ ಕಾಣುತ್ತಲ್ಲ, ನಿಮಗೂ ಆಗಿರಬೇಕು, ಅದಕ್ಕೇನು ಮಾಡಬೇಕು ಅಂತ ಅವರನ್ನೇ ಕೇಳಿ. ಅವರು ಏನಂದರು ಅಂತ ನನಗೂ ಒಂದು ಕಾಗದ ಬರೆಯಿರಿ.