ಸಂಪಾದಕರ ಉತ್ತರ: ದುಡ್ಡು ಕೊಟ್ಟವರನ್ನು ಕೇಳಬಾರದೇ?

ಓದುಗರ ಪತ್ರ: “ವಿಶ್ವಬ್ಯಾಂಕ್ ಮೇಲೆ ದೂರು ಕೊಡುವ ಸಂಘಸಂಸ್ಥೆಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿದೆ. ಸಾಲ ತೆಗೆದುಕೊಳ್ಳುವುದು ಚುನಾಯಿತ ಸರ್ಕಾರ, ಕೆಲಸ ಮಾಡಿಸುವುದೂ ಸರ್ಕಾರ. ತಪ್ಪಾದರೆ ಸರ್ಕಾರವನ್ನು ಕೇಳಲಿ, ಕೋರ್ಟಿಗೆ ಹೋಗಲಿ. ಬರೀ ದುಡ್ಡು ಕೊಟ್ಟ ಬ್ಯಾಂಕಿನ ಕೊರಳಪಟ್ಟಿ ಯಾಕೆ ಹಿಡಿಯಬೇಕು? ವಾಷಿಂಗ್ಟನ್ನಿನಲ್ಲಿ ಕೂತು ಬಡದೇಶಗಳ ಅಣೆಕಟ್ಟು, ರಸ್ತೆಗಳಿಗೆ ಅಡ್ಡಗಾಲು ಹಾಕುವ ಇವರನ್ನು ಆರಿಸಿದವರಾದರೂ ಯಾರು? ಅಷ್ಟೆಲ್ಲ ಗದ್ದಲ ಮಾಡಿದರಲ್ಲ, ಸರ್ದಾರ್ ಸರೋವರ ನಿಂತಿತೇ?”
ಒಬ್ಬ ನಿವೃತ್ತ ಇಂಜಿನಿಯರ್ (ಹೆಸರು ಹಾಕಬೇಡಿ ಎಂದಿದ್ದಾರೆ)

ನಿಮ್ಮ ಪತ್ರ ಉದ್ದ ಇತ್ತು ಸರ್. ಜಾಗ ಸಾಲದೆ ತಿರುಳನ್ನಷ್ಟೇ ಅಚ್ಚು ಹಾಕಿದ್ದೇನೆ, ಸಿಟ್ಟಿಗೆ ಮಾತ್ರ ಕತ್ತರಿ ಹಾಕಿಲ್ಲ. ಜೀವನವಿಡೀ ಕಟ್ಟುವ ಕೆಲಸ ಮಾಡಿದವರಿಗೆ ನಿಲ್ಲಿಸುವವರನ್ನು ಕಂಡರೆ ಆಗುವುದಿಲ್ಲ. ಅದು ಸಹಜವೇ.

ನಿಮ್ಮ ಮಾತಿನಲ್ಲಿ ನಿಜ ಇಲ್ಲದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ವಿಶ್ವಬ್ಯಾಂಕ್ ಸಾಲ ಕೊಡಲಿದ್ದ ನೇಪಾಳದ ಅರುಣ್-3 ಜಲವಿದ್ಯುತ್ ಯೋಜನೆಯ ಮೇಲೆ ಬ್ಯಾಂಕಿಗೇ ದೂರು ಹೋಯಿತು. 1995ರಲ್ಲಿ ವಿಶ್ವಬ್ಯಾಂಕಿನ ಅಧ್ಯಕ್ಷ ಜೇಮ್ಸ್ ವುಲ್ಫೆನ್‌ಸನ್ ಅದರಿಂದ ಹಿಂದೆ ಸರಿದರು. ಮುಂದೆ ನೇಪಾಳದ ಜನ ವರ್ಷಗಟ್ಟಲೆ ಕರೆಂಟ್ ಇಲ್ಲದೆ ಒದ್ದಾಡಿದರು. 2008-09ರ ಚಳಿಗಾಲದಲ್ಲಂತೂ ದಿನಕ್ಕೆ 16 ಗಂಟೆವರೆಗೂ ಕತ್ತಲು. ಅದಕ್ಕೆ ಅರುಣ್-3 ಒಂದೇ ಕಾರಣವಲ್ಲ, ನಡುವೆ ಅಂತರ್ಯುದ್ಧವೂ ನಡೆದಿತ್ತು. ಆದರೂ ಮೋಂಬತ್ತಿ ಹಚ್ಚಿಕೊಂಡು ಪರೀಕ್ಷೆಗೆ ಓದಿದ ಹುಡುಗನಿಗೆ “ಎಲ್ಲ ನಿನ್ನ ಒಳ್ಳೆಯದಕ್ಕೇ ಕಣಪ್ಪಾ” ಎನ್ನಲು ನನಗೂ ಬಾಯಿ ಬರುವುದಿಲ್ಲ.

ಇನ್ನು ಸರ್ದಾರ್ ಸರೋವರ, ಗುಜರಾತಿನಲ್ಲಿ ನರ್ಮದಾ ನದಿಗೆ ಕಟ್ಟಿದ ಅಣೆಕಟ್ಟು. 1985ರಲ್ಲಿ ವಿಶ್ವಬ್ಯಾಂಕ್ ಅದಕ್ಕೆ 45 ಕೋಟಿ ಡಾಲರ್ ಮಂಜೂರು ಮಾಡಿತು. ಪರಿಸರದ ಅಧ್ಯಯನ ಮುಗಿದಿರಲಿಲ್ಲ. ಎಷ್ಟು ಮನೆ ಮುಳುಗುತ್ತವೆ, ಆ ಜನ ಎಲ್ಲಿಗೆ ಹೋಗಬೇಕು ಎಂಬ ಲೆಕ್ಕವೂ ಪಕ್ಕಾ ಇರಲಿಲ್ಲ. ಸರ್ಕಾರವನ್ನು ಕೇಳಿ ಎನ್ನುತ್ತೀರಲ್ಲ, ಕಣಿವೆಯ ಜನ ಮೊದಲು ಕೇಳಿದ್ದು ಸರ್ಕಾರವನ್ನೇ. ವರ್ಷಗಟ್ಟಲೆ ಕೇಳಿದರು. ಬಗೆಹರಿಯದಿದ್ದಾಗ ಮೇಧಾ ಪಾಟ್ಕರ್ ಮತ್ತು ಜೊತೆಗಾರರು 1989ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿ ಮುಂದೆ ಹೋಗಿ ಕೂತರು. ಬ್ಯಾಂಕಿಗೆ ಹೆಚ್ಚು ದುಡ್ಡು ಹಾಕುವವರ ಮನೆಬಾಗಿಲು ಅದು. ನೀವು ಅದನ್ನು ಅಡ್ಡಗಾಲು ಎನ್ನುತ್ತೀರಿ. ಸಾಲ ಕೊಡುವವನ ಹಿಂದೆ ಯಾರಿದ್ದಾರೆ ಅಂತ ಪತ್ತೆ ಹಚ್ಚಿ, ನೆಟ್ಟಗೆ ಅಲ್ಲಿಗೇ ಹೋಗುವ ಬುದ್ಧಿವಂತಿಕೆಗೆ ನಾನು ಬೇರೆ ಹೆಸರು ಕೊಡುತ್ತೇನೆ.

ಒತ್ತಡ ತಾಳದೆ ಬ್ಯಾಂಕ್ 1991ರಲ್ಲಿ ಬ್ರಾಡ್‌ಫರ್ಡ್ ಮೋರ್ಸ್ ನೇತೃತ್ವದಲ್ಲಿ ಸ್ವತಂತ್ರ ಪರಿಶೀಲನೆ ಮಾಡಿಸಿತು. ಮೋರ್ಸ್ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮುಖ್ಯಸ್ಥರಾಗಿದ್ದವರು, ಚಳವಳಿಗಾರರೇನೂ ಅಲ್ಲ. 1992ರಲ್ಲಿ ಅವರ ವರದಿ ಬಂತು. ಈಗಿನ ಸ್ಥಿತಿಯಲ್ಲಿ ಎಲ್ಲರಿಗೂ ಪುನರ್ವಸತಿ ಕೊಡಲು ಸಾಧ್ಯವೇ ಇಲ್ಲ ಎಂದರು. ನೀವು ಇಂಜಿನಿಯರ್, ಅದರಲ್ಲಿ ನೀರಿನ ಲೆಕ್ಕದ ಭಾಗ ಓದಿ ಸಾರ್. ನದಿಯ ಹರಿವಿನ ಅಂಕಿಅಂಶ ನೋಡಿದರೆ, ವಿನ್ಯಾಸದಲ್ಲಿ ಬರೆದ ಹಾಗೆ ಈ ಅಣೆಕಟ್ಟು ಕೆಲಸ ಮಾಡುವುದೇ ಅನುಮಾನ ಎಂದು ಬರೆದಿದ್ದಾರೆ. ಬಡವರ ಪರ ಕಣ್ಣೀರು ಸುರಿಸುವ ಪುಟಗಳಲ್ಲ ಅವು. ನಿಮ್ಮ ವೃತ್ತಿಯವರೇ ಕೇಳಬೇಕಾಗಿದ್ದ ಪ್ರಶ್ನೆಗಳು.

ಅದೇ 1992ರಲ್ಲಿ ಬ್ಯಾಂಕಿನ ಒಳಗಿನಿಂದಲೇ ಇನ್ನೊಂದು ವರದಿ ಹೊರಬಿತ್ತು. ಉಪಾಧ್ಯಕ್ಷರಾಗಿದ್ದ ವಿಲ್ಲಿ ವಾಪೆನ್‌ಹಾನ್ಸ್ ಬರೆದದ್ದು. 1991ರಲ್ಲಿ ಮುಗಿದ ಯೋಜನೆಗಳಲ್ಲಿ ಶೇ. 37.5ರಷ್ಟು ತೃಪ್ತಿಕರವಾಗಿಲ್ಲ ಎಂದು ಅದು ಹೇಳಿತು. ಹತ್ತು ವರ್ಷದ ಹಿಂದೆ ಈ ಪ್ರಮಾಣ ಶೇ. 15ರ ಆಸುಪಾಸಿನಲ್ಲಿತ್ತು. ಕಾರಣವೂ ಅದರಲ್ಲೇ ಇದೆ: ಸಾಲ ಮಂಜೂರು ಮಾಡಿಸಿದವನಿಗೆ ಒಳಗೆ ಭೇಷ್ ಸಿಗುತ್ತದೆ, ಆಮೇಲೆ ಏನಾಯಿತು ಅಂತ ನೋಡುವವನನ್ನು ಯಾರೂ ಕೇಳುವುದಿಲ್ಲ. ನನಗೆ ಇಡೀ ಕಥೆಯ ಬೇರು ಇಲ್ಲಿದೆ ಅನ್ನಿಸುತ್ತದೆ. ಫೈಲು ಬರೆದ ಅಧಿಕಾರಿ ಅಣೆಕಟ್ಟು ಏಳುವ ಹೊತ್ತಿಗೆ ಇನ್ನೊಂದು ಖಂಡದ ಇನ್ನೊಂದು ಮೇಜಿಗೆ ಹೋಗಿರುತ್ತಾನೆ. ಸರ್ಕಾರವಾದರೂ ಐದು ವರ್ಷಕ್ಕೊಮ್ಮೆ ವೋಟು ಕೇಳಲು ಬರಬೇಕು. ಇವನು ಯಾವತ್ತೂ ಬರಬೇಕಾಗಿಲ್ಲ. ಸಾಲವನ್ನೋ, ಮುಳುಗಿದವರ ಮಕ್ಕಳು ಕಟ್ಟುವ ತೆರಿಗೆಯಿಂದಲೂ ತೀರಿಸಲಾಗುತ್ತದೆ.

1993ರ ಮಾರ್ಚ್‌ನಲ್ಲಿ ಭಾರತ ಉಳಿದ ಸಾಲ ಬೇಡ ಎಂದಿತು. ಅಣೆಕಟ್ಟು ನಮ್ಮದೇ ದುಡ್ಡಿನಲ್ಲಿ ಮೇಲೆದ್ದಿತು, 2017ರಲ್ಲಿ ಉದ್ಘಾಟನೆಯೂ ಆಯಿತು. ಹಾಗಾದರೆ ಏನು ಸಾಧಿಸಿದರು ಎಂಬ ನಿಮ್ಮ ಪ್ರಶ್ನೆಗೆ ಉತ್ತರ 1993ರ ಸೆಪ್ಟೆಂಬರ್‌ನಲ್ಲಿದೆ. ವಿಶ್ವಬ್ಯಾಂಕ್ ತನ್ನ ಮೇಲೇ ದೂರು ಕೇಳಲು ಮೂವರು ಸದಸ್ಯರ ತನಿಖಾ ಸಮಿತಿ ರಚಿಸಿತು. ಸುಮ್ನೆ ಮನಸ್ಸು ಕರಗಿ ಮಾಡಿದ್ದಲ್ಲ. ಬಡದೇಶಗಳ ಸಾಲನಿಧಿಗೆ ಅಮೆರಿಕ ಕೊಡಬೇಕಾದ ಹಣವನ್ನು ತಡೆಹಿಡಿಯುತ್ತೇನೆ ಎಂದು ಅಲ್ಲಿನ ಸಂಸದ ಬಾರ್ನಿ ಫ್ರ್ಯಾಂಕ್ ಪಟ್ಟು ಹಿಡಿದಿದ್ದರು. ಅವರಿಗೆ ಮಾಹಿತಿ ಒದಗಿಸಿದ್ದು, ನೀವು ಬೈಯುವ ಇದೇ ಸಂಘಸಂಸ್ಥೆಗಳು. ಆ ಸಮಿತಿಗೆ ಹೋದ ಮೊದಲ ದೂರೇ ಅರುಣ್-3. ಮುಂದೆ ಏಷ್ಯಾ ಅಭಿವೃದ್ಧಿ ಬ್ಯಾಂಕೂ ಉಳಿದ ಬ್ಯಾಂಕುಗಳೂ ಒಂದೊಂದಾಗಿ ಇಂಥ ಬಾಗಿಲು ತೆರೆದವು. ತೊಂದರೆಗೆ ಒಳಗಾದ ಇಬ್ಬರು ಸೇರಿ ಒಂದು ಪತ್ರ ಬರೆದರೂ ಸಾಕು. ಇಂಗ್ಲಿಷ್ ಬೇಕಿಲ್ಲ, ವಕೀಲರೂ ಬೇಕಿಲ್ಲ.

ಆ ಪತ್ರದಿಂದ ಏನಾಗುತ್ತದೆ? ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್‌ನಲ್ಲಿ ಬೊಯುಂಗ್ ಕಾಕ್ ಎಂಬ ಕೆರೆ ಇತ್ತು. ಜನರಿಗೆ ಜಮೀನಿನ ಹಕ್ಕುಪತ್ರ ಕೊಡಿಸುವ ಯೋಜನೆಗೆ ವಿಶ್ವಬ್ಯಾಂಕ್ ಹಣ ಹಾಕಿತ್ತು. ಕೆರೆದಂಡೆಯವರಿಗೆ ಮಾತ್ರ ಹಕ್ಕುಪತ್ರ ಸಿಗಲಿಲ್ಲ. 2007ರಲ್ಲಿ ಸರ್ಕಾರ ಆ ಜಾಗವನ್ನು ಒಂದು ಕಂಪನಿಗೆ 99 ವರ್ಷದ ಗುತ್ತಿಗೆಗೆ ಕೊಟ್ಟಿತು. ಕೆರೆಗೆ ಪೈಪಿನಲ್ಲಿ ಮರಳು ತುಂಬತೊಡಗಿದರು. ಮರಳು ಏರಿದಂತೆ ನೀರು ಹೋಗಲು ಜಾಗವಿಲ್ಲದೆ ಮನೆಗಳಿಗೇ ನುಗ್ಗಿತು. ಸಾವಿರಾರು ಕುಟುಂಬಗಳು ಸಿಕ್ಕಷ್ಟು ತೆಗೆದುಕೊಂಡು ಎದ್ದುಹೋದವು. ಉಳಿದವರು 2009ರಲ್ಲಿ ದೂರು ಬರೆದರು. ಹೆಣ್ಣುಮಕ್ಕಳೇ ಮುಂದೆ ನಿಂತಿದ್ದರು. ತನಿಖೆಯಲ್ಲಿ ಬ್ಯಾಂಕಿನ ತಪ್ಪು ಎದ್ದು ಕಂಡಿತು. 2011ರ ಆಗಸ್ಟ್‌ನಲ್ಲಿ, ಇದು ಬಗೆಹರಿಯುವ ತನಕ ಕಾಂಬೋಡಿಯಾಕ್ಕೆ ಹೊಸ ಸಾಲ ಇಲ್ಲ ಎಂಬ ಮಾತು ಬ್ಯಾಂಕಿನಿಂದ ಹೊರಬಿತ್ತು. ಕೆಲವೇ ದಿನಗಳಲ್ಲಿ ಉಳಿದ ಕುಟುಂಬಗಳಿಗೆ 12.44 ಹೆಕ್ಟೇರ್ ಜಾಗ ಸಿಕ್ಕಿತು! ಅಲ್ಲಿನ ಕೋರ್ಟಿನಲ್ಲಿ ಅವರಿಗೆ ಇದು ಸಿಕ್ಕಿರಲಿಲ್ಲ. ಕೋರ್ಟಿಗೆ ಹೋಗಲಿ ಎಂದು ನೀವು ಬರೆಯುವಾಗ ಎಲ್ಲ ದೇಶದ ಕೋರ್ಟುಗಳೂ ಒಂದೇ ಎಂದುಕೊಂಡಿದ್ದೀರಿ ಅನ್ನಿಸುತ್ತದೆ.

ಉಗಾಂಡದ್ದು ಕೇಳಿದರೆ ಹೊಟ್ಟೆ ತೊಳಸುತ್ತದೆ. ರಸ್ತೆ ಮಾಡಲು ಬಂದ ಗುತ್ತಿಗೆದಾರನ ಕೆಲಸಗಾರರು ಶಾಲೆಗೆ ಹೋಗುವ ಹುಡುಗಿಯರನ್ನು ಲೈಂಗಿಕವಾಗಿ ಬಳಸಿಕೊಂಡಿದ್ದರು. ಊರಿನವರ ದೂರಿನಿಂದ ವಿಷಯ ಹೊರಬಂತು. 2015ರ ಡಿಸೆಂಬರ್‌ನಲ್ಲಿ ಬ್ಯಾಂಕ್ ಆ ಸಾಲವನ್ನೇ ರದ್ದು ಮಾಡಿತು. ರಸ್ತೆ ಬೇಡವೇ ಎಂದು ಕೇಳುವವರು ಆ ಮನೆಗಳ ಮುಂದೆ ನಿಂತು ಕೇಳಲಿ.

ಗೆದ್ದ ಕಥೆಗಳನ್ನೇ ಆರಿಸಿ ಹೇಳುತ್ತಿದ್ದೇನೆ ಎನ್ನುತ್ತೀರೇನೋ. ಸೋತದ್ದನ್ನೂ ಕೇಳಿ. ಗುಜರಾತಿನ ಕಛ್ ಕರಾವಳಿಯ ಮುಂದ್ರಾದಲ್ಲಿ ಟಾಟಾ ಕಂಪನಿಯ ದೊಡ್ಡ ಕಲ್ಲಿದ್ದಲು ವಿದ್ಯುತ್ ಸ್ಥಾವರ ಇದೆ. ಸಾಮರ್ಥ್ಯ 4,000 ಮೆಗಾವ್ಯಾಟ್‌ಗೂ ಜಾಸ್ತಿ. ವಿಶ್ವಬ್ಯಾಂಕ್ ಬಳಗದ ಐಎಫ್‌ಸಿ, ಅಂದರೆ ಖಾಸಗಿ ಕಂಪನಿಗಳಿಗೆ ಸಾಲ ಕೊಡುವ ಅಂಗ, 2008ರಲ್ಲಿ ಅದಕ್ಕೆ 45 ಕೋಟಿ ಡಾಲರ್ ಕೊಟ್ಟಿತು. ಅಲ್ಲಿನ ಮೀನುಗಾರರು ವರ್ಷದ ಹೆಚ್ಚಿನ ತಿಂಗಳು ದಂಡೆಯ ಮೇಲೇ ಗುಡಿಸಲು ಹಾಕಿಕೊಂಡಿರುತ್ತಾರೆ. ಹಿಡಿದ ಮೀನು ಅಲ್ಲೇ ಒಣಗಬೇಕು. ಮಳೆಗಾಲಕ್ಕೆ ಗಂಟುಮೂಟೆ ಕಟ್ಟಿ ಊರಿಗೆ ಹೋಗುತ್ತಾರೆ. ಸ್ಥಾವರದ ಬಿಸಿನೀರು ಸಮುದ್ರಕ್ಕೆ ಬಂದು ಸೇರಿದರೆ ಮೀನು ಕಮ್ಮಿಯಾಗುತ್ತದೆ, ಒಣಹಾಕಿದ ಮೀನಿನ ಮೇಲೆ ಕಲ್ಲಿದ್ದಲಿನ ಪುಡಿ, ಬೂದಿ ಬೀಳುತ್ತದೆ ಎಂದು 2011ರಲ್ಲಿ ದೂರು ಕೊಟ್ಟರು. ಐಎಫ್‌ಸಿಯದೇ ದೂರು ಅಧಿಕಾರಿ ತನಿಖೆ ಮಾಡಿ 2013ರಲ್ಲಿ ವರದಿ ಕೊಟ್ಟರು. ಹೀಗೆ ಬಂದು ಹೋಗುವ ಕುಟುಂಬಗಳಿಗೆ ಏನಾಗುತ್ತದೆ ಎಂಬುದನ್ನು ಸಾಲ ಕೊಡುವಾಗ ಸರಿಯಾಗಿ ನೋಡಿಯೇ ಇರಲಿಲ್ಲ ಎಂಬುದು ಅದರ ಮುಖ್ಯ ಮಾತು. ಸಮೀಕ್ಷೆಯವರು ಊರಿನಲ್ಲಿ ಮನೆ ಎಣಿಸಿಕೊಂಡು ಹೋಗುವಾಗ ದಂಡೆಯ ಗುಡಿಸಲು ಯಾರ ಲೆಕ್ಕ? ಐಎಫ್‌ಸಿ ತನ್ನದೇ ಅಧಿಕಾರಿಯ ಮಾತನ್ನು ಬಹುಮಟ್ಟಿಗೆ ತಳ್ಳಿಹಾಕಿತು.

ಮೀನುಗಾರರು 2015ರಲ್ಲಿ ಅಮೆರಿಕದ ಕೋರ್ಟಿಗೆ ಹೋದರು. ಅಂತರರಾಷ್ಟ್ರೀಯ ಸಂಸ್ಥೆಗಳಿಗೆ ರಕ್ಷಣೆ ಕೊಡುವ ಅಲ್ಲಿನ 1945ರ ಕಾನೂನಿನ ಪ್ರಕಾರ ನಮ್ಮ ಮೇಲೆ ಕೇಸೇ ಹಾಕುವ ಹಾಗಿಲ್ಲ ಎಂದಿತು ಐಎಫ್‌ಸಿ. 2019ರ ಫೆಬ್ರವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7-1ರ ಬಹುಮತದಲ್ಲಿ, ಅಂಥ ಸಂಪೂರ್ಣ ರಕ್ಷಣೆ ನಿಮಗಿಲ್ಲ ಎಂದು ತೀರ್ಪು ಕೊಟ್ಟಿತು. ಎಲ್ಲರೂ ಸಂಭ್ರಮಪಟ್ಟರು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ನಡೆದದ್ದೆಲ್ಲ ಮುಖ್ಯವಾಗಿ ಭಾರತದಲ್ಲಿ, ಅಮೆರಿಕದಲ್ಲಿ ಅಲ್ಲ ಎಂದು ಕೆಳಗಿನ ಕೋರ್ಟುಗಳು ಮೊಕದ್ದಮೆ ವಜಾ ಮಾಡಿದವು. 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕೇಳಲು ಒಪ್ಪಲಿಲ್ಲ. ಸಾಲದ ನಿರ್ಧಾರ ಆದದ್ದು ವಾಷಿಂಗ್ಟನ್ನಿನ ಕಚೇರಿಯಲ್ಲಿ, ಅಲ್ವಾ? ಆ ಪ್ರಶ್ನೆ ಕೋರ್ಟಿಗೆ ಅಷ್ಟು ದೊಡ್ಡದಾಗಿ ಕಾಣಲಿಲ್ಲ.

ಇವರನ್ನು ಆರಿಸಿದವರು ಯಾರು ಎಂದು ಕೇಳಿದ್ದೀರಿ. ಯಾರೂ ಇಲ್ಲ. ವಿಶ್ವಬ್ಯಾಂಕಿನ ಅಧ್ಯಕ್ಷರನ್ನು ಆರಿಸಿದವರು ಯಾರು ಹೇಳಿ ನೋಡೋಣ. ಶುರುವಿನಿಂದಲೂ ಅಮೆರಿಕದವರೇ ಆ ಕುರ್ಚಿಯಲ್ಲಿ ಕೂರುತ್ತ ಬಂದಿದ್ದಾರೆ. ಅಲ್ಲಿ ಮತ ತಲೆಗೊಂದಲ್ಲ, ಷೇರಿಗೆ ತಕ್ಕಷ್ಟು. ಇದರ ಬಗ್ಗೆ ನಿಮಗೆ ಸಿಟ್ಟು ಬಂದಿಲ್ಲ, ದೂರು ಬರೆಯಲು ಸಹಾಯ ಮಾಡುವ ಸಂಘಸಂಸ್ಥೆಗಳ ಮೇಲೆ ಬಂದಿದೆ. ಬುದ್ಧಿವಂತರು ನೀವು, ಇದನ್ನೊಂದು ಸಲ ಯೋಚನೆ ಮಾಡಿ.

ಈಗ ಇನ್ನೊಂದು ತಲೆನೋವು ಬೇರೆ. ದುಡ್ಡು ಯೋಜನೆಗೆ ನೇರವಾಗಿ ಬರುವುದು ಕಡಿಮೆಯಾಗುತ್ತಿದೆ. ಐಎಫ್‌ಸಿ ಒಂದು ವಾಣಿಜ್ಯ ಬ್ಯಾಂಕಿಗೋ ನಿಧಿಗೋ ಹಣ ಹಾಕುತ್ತದೆ, ಅವರು ಇನ್ನೊಬ್ಬರಿಗೆ ಕೊಡುತ್ತಾರೆ. ಫಿಲಿಪ್ಪೀನ್ಸ್‌ನಲ್ಲಿ ಕಲ್ಲಿದ್ದಲು ಸ್ಥಾವರಗಳ ಅಕ್ಕಪಕ್ಕದವರು 2017ರಲ್ಲಿ ದೂರು ಕೊಟ್ಟದ್ದು ಹೀಗೆಯೇ, ಅಲ್ಲಿನ ಒಂದು ಬ್ಯಾಂಕಿನ ಮೂಲಕ ಹೋದ ಹಣದ ಜಾಡು ಹಿಡಿದು. ಹೊಗೆ ಕುಡಿಯುವವನಿಗೆ ತನ್ನ ಊರಿಗೆ ಯಾರ ದುಡ್ಡು ಬಂದಿದೆ ಅಂತಲೇ ಗೊತ್ತಿರುವುದಿಲ್ಲ. ಗೊತ್ತಿಲ್ಲದವನು ದೂರು ಎಲ್ಲಿಗೆ ಬರೆಯಬೇಕು? ಆ ಜಾಡು ಹಿಡಿಯಲು ವಾರ್ಷಿಕ ವರದಿ, ಬಾಂಡ್ ಪತ್ರ, ಷೇರು ಪಟ್ಟಿ ಎಲ್ಲ ಇಟ್ಟುಕೊಂಡು ತಿಂಗಳುಗಟ್ಟಲೆ ಕೂರಬೇಕು. ಆ ಕೆಲಸ ಮಾಡುವವರಿಗೇ ನೀವು ಅಡ್ಡಗಾಲು ಎಂಬ ಬಿರುದು ಕೊಟ್ಟಿರುವುದು.

ಜನರನ್ನು ಮೊದಲೇ ಕೇಳಿರುತ್ತಾರಲ್ಲ, ಸಭೆ ಮಾಡಿರುತ್ತಾರಲ್ಲ ಎಂದೂ ಬರೆದಿದ್ದಿರಿ. ಅಂಥ ಒಂದು ಸಭೆಯಲ್ಲಿ ನಾನೂ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಎಲ್ಲಿ, ಯಾವ ಯೋಜನೆ ಎಂಬುದು ಬೇಡ. ಬಾಗಿಲಲ್ಲೇ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡರು. ಆಮೇಲೆ ಪರದೆ ಮೇಲೆ ಇಂಗ್ಲಿಷ್ ಚಿತ್ರಪಟಗಳು ಓಡಿದವು. ಒಬ್ಬ ಅಜ್ಜಿ ಎದ್ದು ನಕ್ಷೆಯಲ್ಲಿ ತನ್ನ ಬಾವಿ ಎಲ್ಲಿದೆ ತೋರಿಸಿ ಎಂದರು. “ಇದು ಅಂದಾಜು ನಕ್ಷೆ ಅಮ್ಮಾ, ಅಷ್ಟು ಚಿಕ್ಕದೆಲ್ಲ ಇರೋದಿಲ್ಲ” ಎಂದರು ಸಲಹೆಗಾರರು. ಆ ಅಜ್ಜಿಯ ಸಹಿಯೂ ಒಪ್ಪಿಗೆಯ ಲೆಕ್ಕಕ್ಕೆ ಸೇರಿರುತ್ತದೆ ಬಿಡಿ.

ನಮ್ಮ ಪತ್ರಿಕಾ ಜಾತಿಯ ಮೇಲೂ ನನಗೆ ಕೋಪ ಇದೆ. ಸಾಲದ ಒಪ್ಪಂದಕ್ಕೆ ಸಹಿ ಬಿದ್ದ ದಿನ ಮುಖಪುಟದಲ್ಲಿ ಫೋಟೋ, ಕೈಕುಲುಕಾಟ, ಕೋಟಿಗಳ ಅಂಕಿ. ಷರತ್ತುಗಳೇನು, ಬಡ್ಡಿ ಎಷ್ಟು, ಯಾರ ಮನೆ ಹೋಗುತ್ತದೆ ಎಂಬುದು ಅನುಬಂಧದಲ್ಲಿರುತ್ತದೆ. ಅನುಬಂಧ ಓದುವ ವರದಿಗಾರನಿಗೆ ಅಷ್ಟು ಸಮಯವನ್ನು ಯಾವ ಸಂಪಾದಕ ಕೊಡುತ್ತಾನೆ? 2015ರಲ್ಲಿ ಹಲವು ದೇಶಗಳ ಪತ್ರಕರ್ತರು ಒಟ್ಟಾಗಿ ವಿಶ್ವಬ್ಯಾಂಕಿನ ದಾಖಲೆಗಳನ್ನು ಜಾಲಾಡಿದರು. ಹತ್ತು ವರ್ಷಗಳಲ್ಲಿ ಸುಮಾರು 34 ಲಕ್ಷ ಜನರ ಮನೆ, ಜಮೀನು ಅಥವಾ ಜೀವನೋಪಾಯಕ್ಕೆ ಅದರ ಯೋಜನೆಗಳಿಂದ ಪೆಟ್ಟು ಬಿದ್ದಿದೆ ಎಂದು ಲೆಕ್ಕ ಹಾಕಿದರು. ವರದಿ ಹೊರಬರುವ ಮುಂಚೆಯೇ ಅಧ್ಯಕ್ಷ ಜಿಮ್ ಯಾಂಗ್ ಕಿಮ್ ಪುನರ್ವಸತಿಯಲ್ಲಿ ಲೋಪಗಳಿವೆ ಎಂದು ಒಪ್ಪಿಕೊಂಡರು. ಯಾರೋ ಬಂದು ಪ್ರಶ್ನೆ ಕೇಳುತ್ತಾರೆ ಎಂದು ಗೊತ್ತಾದ ಕೂಡಲೇ ಬಾಯಿ ಬಂತು ನೋಡಿ.

ಸರ್, ನಿಮ್ಮಿಂದ ನನಗೊಂದು ಬರಹ ಬೇಕು. ವಿದೇಶಿ ಸಾಲದ ಕಾಮಗಾರಿಯಲ್ಲಿ ಕೆಲಸ ಮಾಡಿದ್ದೇನೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಬ್ಯಾಂಕಿನವರು ತಪಾಸಣೆಗೆ ಬಂದಾಗ ಏನೇನು ಕೇಳುತ್ತಿದ್ದರು? ಸಿಮೆಂಟಿನ ಲೆಕ್ಕ ಕೇಳಿದಷ್ಟೇ ಒಕ್ಕಲೆದ್ದವರ ಲೆಕ್ಕವನ್ನೂ ಕೇಳಿದರೇ? ನೆನಪಿದ್ದಷ್ಟು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ, ನನ್ನನ್ನು ಬೈದಿದ್ದರೂ ಸರಿ.