ಹೊಳೆ ಎದುರಿಗಿದೆ, ಮರಳು ಕಾಡು ದಾಟಿ ಬರಬೇಕು

‘ಹೊಳೆ ದಂಡೇಲೇ ಊರು ಇಟ್ಕೊಂಡು ಮರಳಿಗೆ ಪರದಾಡ್ತೀಯಲ್ಲೋ’ ಅಂತ ನೀನು ಕೇಳಿದ್ದಕ್ಕೆ ನಂಗೆ ಬೇಜಾರಿಲ್ಲ ಗುರು. ‘ಅದು ಕೇರಳ ಅಲ್ವಾ’ ಅಂತ ಸೇರಿಸಿದೆ ನೋಡು, ಅದಕ್ಕೆ ಮೈ ಉರೀತು. ಬೈರಕುಪ್ಪೆ ಮೈಸೂರು ಜಿಲ್ಲೆ ಕಣಯ್ಯ, ಎಚ್.ಡಿ. ಕೋಟೆ ತಾಲ್ಲೂಕು. ಕಬಿನಿಯ ಈ ದಡ ನಮ್ಮದು, ಆ ದಡ ವಯನಾಡು. ಸೇತುವೆ ಇಲ್ಲ, ದೋಣಿ ಇದೆ. ಜ್ವರ ಬಂದರೆ ಆಚೆ ದಡ, ಪಹಣಿ ಬೇಕಂದ್ರೆ ಕಾಡು ದಾಟಿ ಕೋಟೆ. ಇದೆಲ್ಲ ರೂಢಿಯಾಗಿ ಹೋಗಿದೆ, ಬಿಡು.

ರೂಢಿಯಾಗದೆ ಉಳಿದಿರೋದು ಮರಳು ಒಂದೇ. ಬೇಸಿಗೆಯಲ್ಲಿ ಹೊಳೆ ನಡುವೆ ಮರಳು ಬೆಳ್ಳಗೆ ಹಾಸಿಕೊಂಡಿರುತ್ತೆ. ಅರ್ಧಕ್ಕೆ ನಿಂತ ನನ್ನ ಮನೆ ಕಿಟಕಿಯಿಂದಲೇ ಕಾಣುತ್ತೆ. ಒಂದು ಬಾಂಡ್ಲಿ ತುಂಬಿದರೂ ಕೇಸು. ಬಗಲಲ್ಲೇ ನಾಗರಹೊಳೆ, ಹುಲಿ ಕಾಡು. ಆಚೆ ದಡಕ್ಕೆ 2001ರ ಕೇರಳದ ಮರಳು ಕಾಯ್ದೆ ಬೇರೆ. ಹೊಳೆ ಮಧ್ಯದ ದಿಬ್ಬ ಮಳೆಗೊಂದು ಸಲ ಜಾಗ ಬದಲಿಸುತ್ತೆ, ಈ ವರ್ಷ ಅದು ಯಾರದ್ದು ಅಂತ ಯಾರನ್ನ ಕೇಳೋದು?

ಕಾನೂನು ತಪ್ಪು ಅಂತ ನಾನು ಅನ್ನಲ್ಲ. ನಾನು ಚಿಕ್ಕವನಿದ್ದಾಗ ಬೇಸಿಗೆಯಲ್ಲಿ ಅವ್ವ ಆ ಮರಳಲ್ಲೇ ಒರತೆ ತೋಡೋಳು. ಮೊಣಕಾಲುದ್ದ ತೋಡಿದರೆ ನೀರು ಜಿನುಗೋದು, ಮೊದಲು ಕದಡು, ಆಮೇಲೆ ತಿಳಿ. ತೆಂಗಿನ ಚಿಪ್ಪಲ್ಲಿ ಮೊಗೆದು ಬಿಂದಿಗೆ ತುಂಬಿಸೋಳು. ಮರಳು ಅಂದ್ರೆ ನೀರು ಹಿಡಿದಿಡೋ ಕಣಜ ಕಣೋ. ರಾತ್ರೋರಾತ್ರಿ ದೋಣಿಗಟ್ಟಲೆ ಎತ್ತಿದ ಕಡೆ ಈಗ ಕೆಸರು, ಬಂಡೆ. ಹೊಳೆ ತಳ ಇಳಿದಷ್ಟೂ ದಂಡೆಯ ಬಾವಿ ನೀರೂ ಇಳೀತು. ಬುಡದ ಮರಳು ಹೋದ ದಡ 2019ರ ಪ್ರವಾಹದಲ್ಲಿ ಕುಸಿದು ನಮ್ಮ ನಾಲ್ಕು ತೆಂಗಿನಮರ ಹೋದವು.

ಮರಳು ತೆಗೆಯೋಕೆ ಕೇಂದ್ರ ಸರ್ಕಾರ 2016ರಲ್ಲಿ, ಮತ್ತೆ 2020ರಲ್ಲಿ ಮಾರ್ಗಸೂಚಿ ಮಾಡಿದೆ. ಮಳೆಗೆ ಮುಂಚೆ, ಮಳೆ ಆದಮೇಲೆ ಅಳೆದು, ಹೊಳೆ ಎಷ್ಟು ತಂದು ಹಾಕಿತೋ ಅಷ್ಟರೊಳಗೇ ತೆಗೀಬೇಕು, ಮೂರು ಮೀಟರಿಗಿಂತ ಆಳ ಹೋಗಬಾರದು, ಮಳೆಗಾಲದಲ್ಲಿ ಮುಟ್ಟಲೇಬಾರದು. ಅಳೆಯೋಕೆ ನಮ್ಮ ಕಡೆ ಯಾರೂ ಬಂದದ್ದನ್ನ ನಾನಂತೂ ನೋಡಿಲ್ಲ. ಕೆಳಗಡೆ ನಂಜನಗೂಡು, ತಿ. ನರಸೀಪುರದೋರ ಪಾಡು ಇನ್ನೊಂಥರ. ಬೀಚನಹಳ್ಳಿ ಅಣೆಕಟ್ಟೆ ಕಬಿನಿಯ ಮರಳನ್ನ ಹಿನ್ನೀರಲ್ಲೇ ಕೂರಿಸಿಕೊಂಡರೆ, ತೆಗೆದ ಗುಂಡಿ ಅಲ್ಲಿ ತುಂಬೋದು ಯಾವಾಗ?

ಸರಿ, ಎಂ ಸ್ಯಾಂಡ್, ಅಂದ್ರೆ ಕಲ್ಲು ಪುಡಿ ಮಾಡಿದ ಮರಳು, ತರಿಸು ಅಂತೀಯ. ತರಿಸಿದೆ. ಕಾಡಿನ ರಸ್ತೆ ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ ಬಂದ್. ನಮ್ಮ ಟಿಪ್ಪರ್ ಗೇಟಿಗೆ ಬಂದಿದ್ದು ಆರೂ ಹತ್ತಕ್ಕೆ. ಡ್ರೈವರ್ ಅಲ್ಲೇ ಮಲಗಿದ, ಬೆಳಗ್ಗೆ ನೋಡಿದರೆ ಲೋಡು ಸಾಗಿಸೋ ಪರ್ಮಿಟ್‌ನ ಹೊತ್ತು ಮುಗಿದಿತ್ತು. ಗಡಿ ಕಡೆ ಹೊರಟ ಲೋಡಲ್ವಾ, ‘ಕೇರಳಕ್ಕೆ ಸಾಗಿಸ್ತಿದ್ದೀಯಾ’ ಅಂತ ಗೇಟಿನೋರ ವಿಚಾರಣೆ ಬೇರೆ. ವೋಟರ್ ಕಾರ್ಡ್, ಮನೆ ಮಂಜೂರಾತಿ ಪತ್ರ, ತಳಪಾಯದ ಫೋಟೊ ಎಲ್ಲಾ ತೋರಿಸಿದೆ. ಕೊನೆಗೆ ಅವರು ಕೇಳಿದ್ದು, ‘ಕನ್ನಡ ಎಲ್ಲಿ ಕಲಿತೆ?’

ಮೇಸ್ತ್ರಿ ಆಚೆ ದಡದೋರು. ಬೂದು ಬಣ್ಣದ ಆ ಪುಡೀನ ಅಂಗೈಯಲ್ಲಿ ಉಜ್ಜಿ ನೋಡಿ, ‘ಕಟ್ಟೋಕೆ ಆಗುತ್ತೆ, ಗಾರೆಗೆ ಇದು ಬೇಡ, ಇನ್ನೂ ನಯವಾದ ಪಿ ಸ್ಯಾಂಡ್ ತರಿಸಿ’ ಅಂದರು. ಅಂದ್ರೆ ಇನ್ನೊಂದು ಲೋಡು, ಇನ್ನೊಂದು ಪರ್ಮಿಟ್. ಈ ಸಲ ಟಿಪ್ಪರ್‌ನೋನಿಗೆ ಮಧ್ಯಾಹ್ನ ಮೂರಕ್ಕೆಲ್ಲ ಗೇಟಲ್ಲಿರು ಅಂತ ಹೇಳಿದ್ದೀನಿ. ಗೃಹಪ್ರವೇಶಕ್ಕೆ ಬಾ, ಮೈಸೂರು ಕಡೆಯಿಂದಲೇ ಬಾ, ಆರರೊಳಗೆ.